ಪ್ಲೇಟ್ ಹಾಕಿದ ಮಣಿಕಟ್ಟಿನ ಎಕ್ಸ್‌ರೇ ತೆಗೆಯುವ ಬಗೆ

ಸುರಪುರ, ಔರಾದ್, ಆಳಂದದ ಕಡೆಯವರು ಮಣಿಕಟ್ಟು ಮುರಿದರೆ ಎಲುಬಿಗೆ ಪ್ಲೇಟ್, ಸ್ಕ್ರೂ ಹಾಕುವ ಆಪರೇಷನ್‌ಗೆ ಕಲಬುರಗಿಗೋ ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೋಗುತ್ತಾರೆ. ಆಮೇಲಿನ ಎಕ್ಸ್‌ರೇ ಮಾತ್ರ ಊರ ಹತ್ತಿರವೇ ಆಗುತ್ತದೆ. ಆ ಫಿಲ್ಮ್ ನೋಡಿದ ಸರ್ಜನ್‌ಗೆ ಸ್ಕ್ರೂ ಕೀಲಿನೊಳಗೆ ಹೊಕ್ಕಂತೆ ಕಂಡರೆ, ಎಷ್ಟೋ ಸಲ ತಪ್ಪು ಸ್ಕ್ರೂದಲ್ಲ, ಕೈ ಇಟ್ಟ ರೀತಿಯದು.

ಎಕ್ಸ್‌ರೇ ತೆಗೆಯುವವರು ಮೊದಲು ಉಂಗುರ, ಬಳೆ, ಕೈಗೆ ಕಟ್ಟಿದ ತಾಯಿತ ತೆಗೆಸಿ. ಹೆಣ್ಣುಮಕ್ಕಳಾದರೆ ಗರ್ಭಿಣಿಯೇ ಎಂದು ಕೇಳಿ. ಸ್ಲ್ಯಾಬ್ (ಅರ್ಧ ಸುತ್ತಿನ ಪ್ಲಾಸ್ಟರ್) ಬಿಚ್ಚಬಹುದೇ ಎಂಬುದನ್ನು ಡಾಕ್ಟರೇ ಹೇಳಬೇಕು, ನೀವಾಗಿಯೇ ಬಿಚ್ಚಬೇಡಿ. ಕಿರಣ ಬಿಡುವ ಟ್ಯೂಬ್ ಫಿಲ್ಮ್‌ನಿಂದ 100 ಸೆಂ.ಮೀ. ಎತ್ತರದಲ್ಲಿರಲಿ. ಬರೀ ಕೈಗೆ 50–55 ಕೆವಿ (ಕಿಲೋವೋಲ್ಟ್, ಕಿರಣ ತೂರುವ ಬಲ) ಸಾಕು. ಒಣಗಿದ ಪ್ಲಾಸ್ಟರ್ ಇದ್ದರೆ 5–7 ಕೆವಿ, ಫೈಬರ್‌ಗ್ಲಾಸ್ ಇದ್ದರೆ 3–4 ಕೆವಿ ಏರಿಸಿ.

ಪಿಎ ವ್ಯೂಗೆ, ಅಂದರೆ ಅಂಗೈ ಕೆಳಗಿಟ್ಟು ಮೇಲಿನಿಂದ ತೆಗೆಯುವ ಚಿತ್ರಕ್ಕೆ, ಭುಜ, ಮೊಣಕೈ, ಮಣಿಕಟ್ಟು ಮೂರೂ ಒಂದೇ ಮಟ್ಟದಲ್ಲಿರಬೇಕು, ಮೊಣಕೈ 90 ಡಿಗ್ರಿ ಮಡಚಿರಬೇಕು. ಎತ್ತರದ ಸ್ಟೂಲ್ ಮೇಲೆ ಕೂತರೆ ಭುಜ ಮೇಲಾಗುತ್ತದೆ, ಆಗ ಮುಂಗೈಯ ಎರಡು ಎಲುಬಿನ, ಅಂದರೆ ಹೆಬ್ಬೆರಳ ಬದಿಯ ರೇಡಿಯಸ್ ಮತ್ತು ಕಿರುಬೆರಳ ಬದಿಯ ಅಲ್ನಾದ, ಉದ್ದದ ಲೆಕ್ಕವೇ ತಪ್ಪುತ್ತದೆ.

ಹೆಚ್ಚು ಕೆಡುವುದು ಲ್ಯಾಟರಲ್, ಅಂದರೆ ಪಕ್ಕದಿಂದ ತೆಗೆಯುವ ಚಿತ್ರ. ಕಿರುಬೆರಳಿನ ಬದಿ ಕೆಳಗಾಗಿ ಕೈ ನಿಲ್ಲಿಸಿ. "ಯಪ್ಪಾ, ಹಿಂಗೇ ಇಡ್ರಿ, ಅಲುಗಾಡಬ್ಯಾಡ್ರಿ" ಎಂದು ಹೇಳಿದರೂ ನೋವಿಗೆ ಕೈ ತಿರುಗಿಬಿಡುತ್ತದೆ. ಹಿಂಗೈಗೊಂದು ಮರಳಚೀಲ ಆನಿಸಿ. ಮಣಿಕಟ್ಟಿನ ಸಣ್ಣ ಎಲುಬುಗಳಲ್ಲಿ ಮೂರನ್ನು ನೋಡಿ: ಫಿಲ್ಮ್‌ನಲ್ಲಿ ಪಿಸಿಫಾರ್ಮ್‌ನ ಅಂಗೈ ಕಡೆಯ ಅಂಚು ಸ್ಕಾಫಾಯ್ಡ್ ಮತ್ತು ಕ್ಯಾಪಿಟೇಟ್‌ನ ಅಂಗೈ ಕಡೆಯ ಅಂಚುಗಳ ನಡುವೆ ಬಿದ್ದಿದ್ದರೆ ಲ್ಯಾಟರಲ್ ಸರಿಯಾಗಿದೆ. ಇಲ್ಲವಾದರೆ ಮತ್ತೆ ತೆಗೆಯಿರಿ.

ಇಷ್ಟು ಸರಿಯಾದರೂ ಸ್ಕ್ರೂ ಅನುಮಾನ ತೀರುವುದಿಲ್ಲ. ರೇಡಿಯಸ್‌ನ ಕೀಲಿನ ಮೇಲ್ಮೈ ಹೆಬ್ಬೆರಳ ಬದಿಯಿಂದ ಕಿರುಬೆರಳ ಬದಿಗೆ ಸುಮಾರು 22 ಡಿಗ್ರಿ ಇಳಿಜಾರಾಗಿದೆ. ಕೈ ಸಮತಟ್ಟಾಗಿದ್ದರೆ ಕಿರಣ ಆ ಇಳಿಜಾರನ್ನು ಅಡ್ಡ ಹಾಯುತ್ತದೆ, ಎಲುಬಿನೊಳಗೇ ಇರುವ ಸ್ಕ್ರೂ ಕೂಡ ಕೀಲಿನಲ್ಲಿ ಇದ್ದಂತೆ ತೋರುತ್ತದೆ. ಅದಕ್ಕೆ ಇನ್ನೊಂದು ಲ್ಯಾಟರಲ್ ತೆಗೆಯಿರಿ: ಮೊಣಕೈ ಟೇಬಲ್ ಮೇಲೇ ಇರಲಿ, ಮುಂಗೈ ಕೆಳಗೆ ಫೋಮ್ ಕೊಟ್ಟು ಮಣಿಕಟ್ಟನ್ನು 20–23 ಡಿಗ್ರಿ ಎತ್ತಿ, ಟ್ಯೂಬ್ ನೇರವಾಗಿಯೇ ಇರಲಿ. ಕೋನ ಅಳೆಯಲು ಏನೂ ಇಲ್ಲವೇ? ಮೊಣಕೈಯಿಂದ ಮಣಿಕಟ್ಟಿಗೆ 25 ಸೆಂ.ಮೀ. ಇದ್ದರೆ ಮಣಿಕಟ್ಟು 9 ಸೆಂ.ಮೀ. ಮೇಲೇಳಬೇಕು. ಬೆಡ್‌ಶೀಟ್ ಮಡಚಿಟ್ಟರೂ ನಡೆಯುತ್ತದೆ. ಎತ್ತಿದಾಗ ಕೈ ತಿರುಗದಂತೆ ನೋಡಿಕೊಳ್ಳಿ, ತಿರುಗಿದರೆ ಮಾಡಿದ್ದೆಲ್ಲ ದಂಡ. ಈ ವ್ಯೂನಲ್ಲೂ ಸ್ಕ್ರೂ ಕೀಲು ದಾಟಿದಂತೆ ಕಂಡರೆ ತೆಳು ಸ್ಲೈಸಿನ ಸಿಟಿ ಸ್ಕ್ಯಾನ್ ಬೇಕಾಗುತ್ತದೆ.

ಹಿಂಗೈ ಕಡೆ ಹೊರಬಂದ ಸ್ಕ್ರೂ ತುದಿ ಲ್ಯಾಟರಲ್‌ನಲ್ಲಿ ರೇಡಿಯಸ್‌ನ ಹಿಂಬದಿಯ ಉಬ್ಬಾದ ಲಿಸ್ಟರ್ ಗುಬುಟಿನ ಹಿಂದೆ ಅಡಗುತ್ತದೆ. ಅದು ಹೆಬ್ಬೆರಳು ಎತ್ತುವ ಸ್ನಾಯುರಜ್ಜುವನ್ನು ಸವೆಸಿ ಹರಿಯಬಲ್ಲದು. ಅಂಥ ತುದಿಯನ್ನು ಕಾಣಿಸುವ ಸ್ಕೈಲೈನ್ ವ್ಯೂಗೆ ಮಣಿಕಟ್ಟು ಪೂರ್ತಿ ಬಗ್ಗಬೇಕು. ಹೊಲಿಗೆ ಹಸಿಯಿರುವಾಗ ಸರ್ಜನ್ ಹೇಳದೆ ತೆಗೆಯಬೇಡಿ.

ಬೆರಳಿನ ಎಲುಬು ಹಿಡಿಸಲು ವೈರ್ ಹಾಕಿದ್ದರೆ ಉಳಿದ ಬೆರಳು ಬದಿಗೆ ಸರಿಸಿ, ಆ ಬೆರಳೊಂದರದ್ದೇ ಲ್ಯಾಟರಲ್ ತೆಗೆಯಿರಿ. ಎಡ-ಬಲದ ಗುರುತು, ತಾರೀಖು ಫಿಲ್ಮ್ ಮೇಲೆ ಬರಲೇಬೇಕು.

ಕೊನೆಗೆ ಡೈಕಾಮ್ ಸಿಡಿ, ಅಂದರೆ ಮೂಲ ಡಿಜಿಟಲ್ ಚಿತ್ರವಿರುವ ಸಿಡಿ, ಕೊಡಿ. ಫಿಲ್ಮನ್ನು ಕಿಟಕಿಗೆ ಹಿಡಿದು ಮೊಬೈಲಿನಲ್ಲಿ ತೆಗೆದ ಫೋಟೋದಲ್ಲಿ ಸ್ಕ್ರೂ ಸುತ್ತಲಿನ ಸಣ್ಣ ಕಪ್ಪು ಗೆರೆ, ಅಂದರೆ ಸಡಿಲಾದ ಗುರುತು, ಕಾಣುವುದೇ ಇಲ್ಲ. ಶಾಖದಿಂದಲೇ ಪ್ರಿಂಟ್ ಆಗುವ ಡ್ರೈ ಫಿಲ್ಮ್ ಶಾಖಕ್ಕೆ ಕಪ್ಪಾಗುತ್ತದೆ. ನಮ್ಮ ಮೇ ತಿಂಗಳ ಬಿಸಿಲಲ್ಲಿ ನಿಂತ ಗಾಡಿಯೊಳಗೆ ಬಿಡಬೇಡಿ ಎಂದು ರೋಗಿಯ ಮನೆಯವರಿಗೂ ಹೇಳಿ ಕಳಿಸಿ.