ಟಾಲೆಮಿ ಕಾಲದ ಚಿನ್ನದ ನಾಣ್ಯ ಅಂತ ಯಾರಾದರೂ ತೋರಿಸಿದರೆ

ಕಾರವಾರದಲ್ಲೋ ಶಿರಸಿಯಲ್ಲೋ ಯಾರಾದರೂ "ಟಾಲೆಮಿ ಮನೆತನದ ಗ್ರೀಕರು ಈಜಿಪ್ಟ್ ಆಳಿದಾಗಿನ ಚಿನ್ನದ ನಾಣ್ಯ ಇದೆ" ಅಂತ ತಂದರೆ ಮೊದಲೇ ದುಡ್ಡಿನ ಮಾತು ಬೇಡ, ತಕ್ಕಡಿ ಹುಡುಕಿ. ಆ ಮನೆತನದ ಎರಡನೇ ಆರ್ಸಿನೋಯಿ ರಾಣಿಯ ಎಂಟು ಡ್ರಾಕ್ಮದ (ಡ್ರಾಕ್ಮ ಅಂದರೆ ಗ್ರೀಕರ ಹಳೆ ಹಣದ ಲೆಕ್ಕ) ದೊಡ್ಡ ನಾಣ್ಯ ಸುಮಾರು 27.8 ಗ್ರಾಂ ತೂಗಬೇಕು. ಒಂದು ಬದಿ ತಲೆ ಮೇಲೆ ಸೆರಗು ಹೊದ್ದ ರಾಣಿ, ಇನ್ನೊಂದು ಬದಿ ಹಣ್ಣು ತುಂಬಿದ ಜೋಡಿ ಕೊಂಬು, ಸುತ್ತ ಗ್ರೀಕ್ ಅಕ್ಷರ.

ಆಮೇಲೆ ನೀರಿನ ಪರೀಕ್ಷೆ. ಅಕ್ಕಸಾಲಿಯ ಡಿಜಿಟಲ್ ತಕ್ಕಡಿ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ, ನಾಣ್ಯವನ್ನು ತೆಳು ದಾರಕ್ಕೆ ಕಟ್ಟಿ, ತಳ ಮುಟ್ಟದ ಹಾಗೆ ಪೂರ್ತಿ ಮುಳುಗಿಸಿ ಹಿಡಿಯಿರಿ. ಅಪ್ಪಟ ಚಿನ್ನವಾದರೆ 1.4 ಗ್ರಾಂ ಆಸುಪಾಸು ತೋರಿಸುತ್ತದೆ. ಸೀಸಕ್ಕೆ ಚಿನ್ನದ ನೀರು ಕೊಟ್ಟಿದ್ದರೆ 2.4 ಹತ್ತಿರ ಹೋಗುತ್ತದೆ. ಪಾಸಾಯಿತು ಅಂತ ಹಿಗ್ಗಬೇಡಿ, ಚಿನ್ನದಲ್ಲೇ ನಕಲು ಮಾಡುವವರೂ ಇದ್ದಾರಲ್ವಾ! ಲೆನ್ಸ್ ಹಿಡಿದು ನೋಡಿ: ಹಳೆಯದು ಅಚ್ಚಿಗಿಟ್ಟು ಬಡಿದದ್ದು. ಅಂಚಿನ ಸುತ್ತ ಜೋಡಿಸಿದಂಥ ಗೆರೆ, ಮೈಮೇಲೆ ಸೂಜಿಮೊನೆಯಷ್ಟು ಗುಳಿ ಕಂಡರೆ ಎರಕದ ಮಾಲು ಅಂತ ಅನುಮಾನ ಪಡಿ.

ಸುಮ್ನೆ ಹುಣಸೆಹಣ್ಣು ಹಾಕಿ ತಿಕ್ಕಲು ಹೋಗಬೇಡಿ, ಬೆಲೆ ಬಿದ್ದುಹೋಗುತ್ತದೆ. ಇನ್ನು ತೋಟ ಅಗೆಯುವಾಗ ಮಣ್ಣಲ್ಲಿ ಸಿಕ್ಕಿದ್ದು ಅಂದರೆ ಲೆಕ್ಕವೇ ಬೇರೆ. ಕರ್ನಾಟಕದ 1962ರ ನಿಧಿ ಕಾಯ್ದೆ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು.