ಯಾವ ಪಕ್ಷಕ್ಕೂ ಸೇರದೆ ಕ್ಯಾಲಿಫೋರ್ನಿಯಾ ಪ್ರೈಮರಿಯಲ್ಲಿ ಓಟು ಹಾಕೋದು ಹೇಗೆ

2020ರ ಫೆಬ್ರವರಿ. ಅಮೆರಿಕದ ಪ್ರಜೆಯಾದ ಮೇಲೆ ನನ್ನ ಮೊದಲ ಓಟು. ಸನಿವೇಲ್‌ನ ನಮ್ಮ ಮನೆಗೆ ಅಂಚೆಯಲ್ಲಿ ಬಂದ ಬ್ಯಾಲೆಟ್ಟನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕೂತೆ. ಸಂಸತ್ತಿಗೆ ನಿಂತವರ ಹೆಸರಿತ್ತು. ಅಧ್ಯಕ್ಷ ಸ್ಥಾನಕ್ಕೆ ನಿಂತವರದ್ದು ಮಾತ್ರ ಒಂದೂ ಇಲ್ಲ! ಹಿಂದೆ ಮುಂದೆ ತಿರುಗಿಸಿ ನೋಡಿದೆ. ತಪ್ಪು ನನ್ನದೇ. ಅದಕ್ಕೂ ಮುಂಚೆ ಬಂದಿದ್ದ ಒಂದು ಪೋಸ್ಟ್‌ಕಾರ್ಡನ್ನು ಪಿಜ್ಜಾ ಕೂಪನ್ನುಗಳ ಜೊತೆ ಕಸದ ಬುಟ್ಟಿಗೆ ಹಾಕಿದ್ದೆ.

ನಮ್ಮ ಕಡೆ ಟಿಕೆಟ್ ಯಾರಿಗೆ ಅಂತ ಹೈಕಮಾಂಡ್ ಹೇಳುತ್ತದೆ. ಇಲ್ಲಿ ಅದನ್ನು ಪ್ರೈಮರಿ ಅನ್ನೋ ಮೊದಲ ಸುತ್ತಿನ ಚುನಾವಣೆಯಲ್ಲಿ ಮತದಾರರೇ ತೀರ್ಮಾನಿಸುತ್ತಾರೆ. ಪಕ್ಷ ಬೇಡ ಅಂದವರಿಗೆ ಅದರಲ್ಲಿ ಪಾಲಿದೆಯಾ ಅನ್ನೋದು ಒಂದೊಂದು ರಾಜ್ಯದಲ್ಲಿ ಒಂದೊಂದು ಥರ. ನಾನು ಹೇಳುತ್ತಿರುವುದು ಕ್ಯಾಲಿಫೋರ್ನಿಯಾದ್ದು ಮಾತ್ರ.

ಮೊದಲು ಹೆಸರು ನೋಂದಾಯಿಸುವಾಗ ಹುಷಾರು. ಪಕ್ಷದ ಪ್ರಶ್ನೆ ಬಂದಾಗ ‘ನೋ ಪಾರ್ಟಿ ಪ್ರಿಫರೆನ್ಸ್’ ಆರಿಸಿ. ನಮ್ಮ ಯಜಮಾನರು ಪಟ್ಟಿಯಲ್ಲಿ ‘ಇಂಡಿಪೆಂಡೆಂಟ್’ ಅನ್ನೋ ಪದ ಕಂಡ ಕೂಡಲೇ ಟಿಕ್ ಹಾಕಿಬಿಟ್ಟಿದ್ದರು. ಅದು ‘ಅಮೆರಿಕನ್ ಇಂಡಿಪೆಂಡೆಂಟ್ ಪಾರ್ಟಿ’, ಪಕ್ಕಾ ರಾಜಕೀಯ ಪಕ್ಷ! ಕರಿಯರನ್ನೂ ಬಿಳಿಯರನ್ನೂ ಬೇರೆ ಬೇರೆ ಇಡಬೇಕು ಅಂತ ಹೋರಾಡಿದ್ದ ಜಾರ್ಜ್ ವಾಲೇಸ್ 1968ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದು ಈ ಪಕ್ಷದಿಂದಲೇ. ಇದನ್ನು ಹೇಳಿದಾಗ ಅವರ ಮುಖ ನೋಡಬೇಕಿತ್ತು. ಆನ್‌ಲೈನ್‌ನಲ್ಲಿ ಇನ್ನೊಮ್ಮೆ ನೋಂದಾಯಿಸಿದರೆ ಸರಿಹೋಗುತ್ತದೆ. ಐದು ನಿಮಿಷದ ಕೆಲಸ.

ಗವರ್ನರ್, ಸೆನೆಟ್, ಶಾಸನಸಭೆ ಇವಕ್ಕೆಲ್ಲ ನೀವು ಬೇರೇನೂ ಮಾಡಬೇಕಾಗಿಲ್ಲ. 2010ರಲ್ಲಿ ಪ್ರೊಪೊಸಿಷನ್ 14 ಅನ್ನೋ ಪ್ರಸ್ತಾವವನ್ನು ಮತದಾರರು ಓಟು ಹಾಕಿ ಒಪ್ಪಿದ ಮೇಲೆ ಎಲ್ಲ ಪಕ್ಷದವರೂ ಒಂದೇ ಪಟ್ಟಿಯಲ್ಲಿ ಬರುತ್ತಾರೆ, ಯಾರು ಯಾರಿಗೆ ಬೇಕಾದರೂ ಓಟು ಹಾಕಬಹುದು. ಮೊದಲ ಇಬ್ಬರು ನವೆಂಬರ್‌ನ ಅಂತಿಮ ಚುನಾವಣೆಗೆ ಹೋಗುತ್ತಾರೆ, ಇಬ್ಬರೂ ಒಂದೇ ಪಕ್ಷದವರಾದರೂ ಸರಿ. ನಮ್ಮ ಕ್ಷೇತ್ರದಲ್ಲೇ 2016ರ ನವೆಂಬರ್‌ನಲ್ಲಿ ರೋ ಖನ್ನಾ, ಮೈಕ್ ಹೋಂಡಾ ಇಬ್ಬರೂ ಡೆಮಾಕ್ರಟರು. ಅಂಥ ಕಡೆ ನವೆಂಬರ್‌ವರೆಗೆ ಕಾದು ಕೂತರೆ ಬೇರೆ ಪಕ್ಷದ ಆಯ್ಕೆಯೇ ಉಳಿದಿರುವುದಿಲ್ಲ. ಪಕ್ಕದ 16ನೇ ಕ್ಷೇತ್ರದಲ್ಲಿ 2024ರ ಪ್ರೈಮರಿಯಲ್ಲಿ ಎರಡನೇ ಸ್ಥಾನಕ್ಕೆ ಇಬ್ಬರಿಗೂ 30,249 ಓಟು! ಮರುಎಣಿಕೆಯಲ್ಲಿ ಒಬ್ಬರು ಐದು ಓಟಿನಿಂದ ಮುಂದೆ ಬಂದರು.

ತೊಡಕಿರುವುದು ಅಧ್ಯಕ್ಷರ ಪ್ರೈಮರಿಯಲ್ಲಿ. ಅಲ್ಲಿ ಹೊರಗಿನವರನ್ನು ಬಿಟ್ಟುಕೊಳ್ಳಬೇಕಾ ಬೇಡವಾ ಅಂತ ಆಯಾ ಪಕ್ಷ ಹೇಳುತ್ತದೆ. 2020ರಲ್ಲೂ 2024ರಲ್ಲೂ ಬಾಗಿಲು ತೆರೆದಿದ್ದು ಡೆಮಾಕ್ರಟಿಕ್, ಲಿಬರ್ಟೇರಿಯನ್ ಮತ್ತು ಅದೇ ಅಮೆರಿಕನ್ ಇಂಡಿಪೆಂಡೆಂಟ್. ರಿಪಬ್ಲಿಕನ್ನರು ತೆರೆಯಲಿಲ್ಲ, ಅವರ ಬ್ಯಾಲೆಟ್ ಬೇಕಿದ್ದರೆ ಆ ಪಕ್ಷದ ಹೆಸರಲ್ಲೇ ನೋಂದಾಯಿಸಬೇಕಿತ್ತು. 2028ಕ್ಕೆ ಯಾರು ತೆರೆಯುತ್ತಾರೆ ಅಂತ ಆಗ ನೋಡಿಕೊಳ್ಳಿ.

ನಾನು ಎಸೆದ ಪೋಸ್ಟ್‌ಕಾರ್ಡ್ ಕೇಳಿದ್ದು ಇದನ್ನೇ: ಯಾವ ಪಕ್ಷದ ಬ್ಯಾಲೆಟ್ ಕಳಿಸಲಿ? ಟಿಕ್ ಹಾಕಿ ವಾಪಸ್ ಕಳಿಸಿ. ಕಳೆದುಕೊಂಡರೆ ಕೌಂಟಿಯ ಚುನಾವಣಾ ಕಚೇರಿಗೆ ಫೋನ್ ಮಾಡಿ. ಅದೂ ತಡವಾದರೆ ನಾನು ಮಾಡಿದ ಹಾಗೆ ಮಾಡಿ. ಓಟು ಹಾಕದ ಬ್ಯಾಲೆಟ್ಟನ್ನು ಲಕೋಟೆ ಸಮೇತ ವೋಟ್ ಸೆಂಟರ್‌ಗೆ ತೆಗೆದುಕೊಂಡು ಹೋಗಿ, ‘ಕ್ರಾಸ್‌ಓವರ್ ಬ್ಯಾಲೆಟ್ ಕೊಡಿ’ ಅಂತ ಪಕ್ಷದ ಹೆಸರು ಹೇಳಿ ಕೇಳಿ. ಸುಮ್ನೆ ‘ಬ್ಯಾಲೆಟ್ ಕೊಡಿ’ ಅಂದರೆ ಅಧ್ಯಕ್ಷ ಸ್ಥಾನದ ಹೆಸರುಗಳಿಲ್ಲದ ಅದೇ ಬ್ಯಾಲೆಟ್ ಇನ್ನೊಮ್ಮೆ ಸಿಗಬಹುದು. ಹೀಗೆ ಕೇಳಿ ಪಡೆದ ಮಾತ್ರಕ್ಕೆ ನೀವು ಆ ಪಕ್ಷದವರಾಗುವುದಿಲ್ಲ.

ಅಂಚೆಯಲ್ಲಿ ಕಳಿಸುವುದಾದರೆ ಸ್ಟ್ಯಾಂಪ್ ಬೇಡ. ಲಕೋಟೆಯ ಮೇಲಿನ ಸಹಿಯನ್ನು ಮಾತ್ರ ಮರೆಯಬೇಡಿ. ಅದನ್ನು ಕಡತದಲ್ಲಿರುವ ಹಳೆಯ ಸಹಿಯ ಜೊತೆ ಹೋಲಿಸಿ ನೋಡುತ್ತಾರೆ. ಡ್ರೈವಿಂಗ್ ಲೈಸೆನ್ಸ್‌ಗೆ ನಾನು ಕನ್ನಡದಲ್ಲಿ ಸಹಿ ಮಾಡಿದ್ದೆ, ಆದ್ದರಿಂದ ಬ್ಯಾಲೆಟ್ ಲಕೋಟೆಯ ಮೇಲೂ ಕನ್ನಡದಲ್ಲೇ ಮಾಡುತ್ತೇನೆ.