ಅಜ್ಜನಿಗೆ ವೈರಲ್, ಅಜ್ಜ ವೈರಲ್

ಕಾಸರಗೋಡಿನ ಒಂದು ಸಣ್ಣ ಪತ್ರಿಕೆಗೆ ಮಲಯಾಳ ಸುದ್ದಿಗಳನ್ನು ಕನ್ನಡ ಮಾಡಿ ಕೊಡುವುದು ನನ್ನ ಕೆಲಸ. ಅದರಲ್ಲಿ ಅತಿ ಸುಲಭದ ಪದ ಅಂತ ನಾನು ತಿಳಿದಿದ್ದದ್ದು 'ವೈರಲ್'. ಅಲ್ಲೂ ವೈರಲ್, ಇಲ್ಲೂ ವೈರಲ್, ಲಿಪಿ ಬದಲಿಸಿದರೆ ಮುಗಿಯಿತು ಅಲ್ವಾ?

ಒಂದು ಜುಲೈ ತಿಂಗಳು. ಬದಿಯಡ್ಕ ಕಡೆಯ ಅಜ್ಜ ಒಬ್ಬರು, ಮಳೆ ಸ್ವಲ್ಪ ಬಿಟ್ಟಾಗ ಕೊಳೆರೋಗಕ್ಕೆ ಮದ್ದು ಬಿಡಲು ತಾವೇ ಅಡಿಕೆ ಮರ ಏರಿದ ವಿಡಿಯೋ ಎಲ್ಲರ ಮೊಬೈಲಿನಲ್ಲೂ ಓಡಾಡುತ್ತಿತ್ತು. ನಾನು '85ರ ಅಜ್ಜನಿಗೆ ವೈರಲ್ ಯೋಗ' ಅಂತ ತಲೆಬರಹ ಕೊಟ್ಟೆ. ಒಂದೇ ಕಾಲಂ ಸುದ್ದಿ. ಜಾಗ ಸಾಲದೆ 'ಯೋಗ' ಕೆಳಗಿನ ಸಾಲಿಗೆ ಹೋಯಿತು.

ಮರುದಿನ ಬೆಳಗ್ಗೆಯೇ ಅಜ್ಜನ ಮಗಳ ಫೋನ್. "ಎಂತ ಬರೆದದ್ದು ಮಾರಾಯ್ರೆ? ಅಪ್ಪನಿಗೆ ಜ್ವರ ಹೇಗಿದೆ ಅಂತ ನೆಂಟರೆಲ್ಲ ಕೇಳುತ್ತಿದ್ದಾರೆ. ಅವರು ತೋಟದಲ್ಲಿದ್ದಾರೆ!"

ತಪ್ಪು ನನ್ನದೇ. ಮಳೆಗಾಲದಲ್ಲಿ ನಮ್ಮೂರಲ್ಲಿ ಮನೆಗೊಬ್ಬರು ಮಲಗಿರುತ್ತಾರೆ, ಆಸ್ಪತ್ರೆಗೆ ಹೋಗಿ ಬಂದವರು "ಎಂತ ಇಲ್ಲ, ವೈರಲ್" ಅನ್ನುತ್ತಾರೆ, ಜ್ವರ ಅನ್ನುವ ಮಾತೇ ಬೇಡ. 'ಅಜ್ಜನಿಗೆ ವೈರಲ್' ಅಂದರೆ ಕಾಯಿಲೆ. 'ಅಜ್ಜ ವೈರಲ್' ಅಂದರೆ ಹೆಸರು. ಒಂದು 'ಇಗೆ' ಇಷ್ಟೆಲ್ಲ ಮಾಡಿತು. ಮೂಲದಲ್ಲೂ ಅದು ಕಾಯಿಲೆಯ ಪದವೇ, ಲ್ಯಾಟಿನ್‌ನ 'ವೈರಸ್' ಅಂದರೆ ವಿಷ, ನಮ್ಮ 'ವಿಷ' ಪದಕ್ಕೂ ಅದಕ್ಕೂ ನಂಟಿದೆ.

ಆಮೇಲೆ ನಾನು ಒಂದು ಅಭ್ಯಾಸ ಮಾಡಿಕೊಂಡೆ. ವೈರಲ್ ಅಂತ ಬಂದ ಕಡೆ ಸುಮ್ನೆ 'ಹಬ್ಬಿತು' ಅಂತ ಹಾಕಿ ಓದುತ್ತೇನೆ. ಕೂತರೆ ವೈರಲ್ ಇರಲಿ. ಕೂರದಿದ್ದರೆ ಅಲ್ಲಿ ಬೇಕಾದ್ದು ಬೇರೆ ಪದ. 'ಜನಪ್ರಿಯ'ದಲ್ಲಿ ಪ್ರೀತಿ ಇದೆ, ವೈರಲ್‌ನಲ್ಲಿ ಬರೀ ವೇಗ. ಬಸ್ ಅಪಘಾತದ ಸಿಸಿಟಿವಿ ದೃಶ್ಯವೂ ವೈರಲ್ ಆಗುತ್ತದೆ, ಅದನ್ನು ಜನಪ್ರಿಯ ಅಂತ ಬರೆದರೆ ಓದುಗರು ಉಗಿಯುತ್ತಾರೆ. ಇನ್ನು ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ಪ್ರಸಂಗಗಳು ತಲೆಮಾರುಗಳಿಂದ ಆಟ, ತಾಳಮದ್ದಳೆ ಅಂತ ನಡೆದುಕೊಂಡೇ ಬಂದಿವೆ. ಅದಕ್ಕೆ 'ಮನೆಮಾತು' ಅನ್ನಬೇಕು, ವೈರಲ್ ಅಂದರೆ ಸಣ್ಣ ಮಾಡಿದ ಹಾಗೆ.

'ವೈರಲ್ ಅಜ್ಜಿ', 'ವೈರಲ್ ಹುಡುಗ' ಅನ್ನುವುದು ನನಗೆ ಇವತ್ತಿಗೂ ಹಿಡಿಸುವುದಿಲ್ಲ. ವಿಡಿಯೋ ತಾನೇ ಹಬ್ಬಿದ್ದು? ಆದರೆ ಎಲ್ಲರೂ ಹಾಗೇ ಹೇಳುವಾಗ ನಾನೊಬ್ಬ ಎಷ್ಟು ಅಂತ ಹೊಡೆದುಹಾಕಲಿ.

ಮೊನ್ನೆ 'ವೈರಲ್ ಗೋಳಿಬಜೆ' ಅಂತ ಒಂದು ಜಾಹೀರಾತು ಬಂತು. ಹೋಟೆಲ್ ಇನ್ನೂ ತೆರೆದೇ ಇರಲಿಲ್ಲ. ಜಾಹೀರಾತಿಗೆ ಕೈ ಹಾಕುವ ಅಧಿಕಾರ ನನಗಿಲ್ಲ, ಹಾಗೇ ಹೋಯಿತು.